ಬೇಸಿಗೆ ಬಂತೆಂದು ಟೈರ್ ಗಾಳಿ ಇಳಿಸಬೇಡಿ, ಕಾರಿನ ಬಾಗಿಲು ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಹನ ಅಂಕಣದಲ್ಲಿ ಬಂದ ಒಂದು ಸಲಹೆ ಓದಿ ಈ ಪತ್ರ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಟೈರಿನೊಳಗಿನ ಗಾಳಿ ಹಿಗ್ಗುತ್ತದೆ, ಟೈರ್ ಸಿಡಿಯುವ ಭಯ ಇರುತ್ತದೆ, ಆದ್ದರಿಂದ ನಾಲ್ಕೈದು ಪಿಎಸ್‌ಐ ಕಮ್ಮಿಯೇ ಇಟ್ಟುಕೊಳ್ಳಿ ಅಂತ ಅದರಲ್ಲಿತ್ತು. (ಪಿಎಸ್‌ಐ ಅಂದರೆ ಟೈರಿನ ಗಾಳಿಯ ಒತ್ತಡ ಅಳೆಯುವ ಲೆಕ್ಕ.) ನಾನು ಎರಡು ಸಲ ಓದಿದೆ. ತಪ್ಪು ಓದಿದೆನೇನೋ ಅಂದುಕೊಂಡೆ. ಇಲ್ಲ, ಹಾಗೇ ಇತ್ತು. ಅಷ್ಟರಲ್ಲಿ ನನ್ನ ಭಾವಮೈದುನ ಅದೇ ಪುಟ ಓದಿ, ಒಂದು ಕಡ್ಡಿ ಹಿಡಿದು ತನ್ನ ಕಾರಿನ ನಾಲ್ಕೂ ಟೈರಿನಿಂದ ಅಂದಾಜಿನ ಮೇಲೆ ಗಾಳಿ ಬಿಟ್ಟು ಬಂದಿದ್ದ. ಪತ್ರಿಕೆಯಲ್ಲಿ ಅಚ್ಚಾದ ಮಾತಿಗೆ ಜನ ಎಷ್ಟು ಬೆಲೆ ಕೊಡುತ್ತಾರೆ ನೋಡಿ. ಅದಕ್ಕೇ ಇದನ್ನು ಸುಮ್ನೆ ಬಿಡಬಾರದು ಅನ್ನಿಸಿತು.

ಆ ಸಲಹೆ ಪೂರ್ತಿ ತಲೆಕೆಳಗು. ಟೈರ್ ಸಿಡಿಯುವುದು ಹೆಚ್ಚಾಗಿ ಗಾಳಿ ಕಮ್ಮಿ ಇದ್ದಾಗ, ಜಾಸ್ತಿ ಇದ್ದಾಗ ಅಲ್ಲ. ಒಂದು ತಂತಿಯನ್ನು ಹಿಡಿದು ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಬಗ್ಗಿಸಿ, ಬಗ್ಗಿಸಿದ ಜಾಗ ಮುಟ್ಟಿ ನೋಡಿ. ಬಿಸಿ ಆಗಿರುತ್ತದೆ. ಟೈರಿಗೂ ಅದೇ ಆಗುವುದು. ನೆಲಕ್ಕೆ ತಾಗುವ ಭಾಗದಲ್ಲಿ ಅದರ ಪಕ್ಕದ ಗೋಡೆ ಬಾಗುತ್ತದೆ, ಮೇಲೆ ಬಂದಾಗ ನೆಟ್ಟಗಾಗುತ್ತದೆ. ಮಾಮೂಲಿ ಕಾರಿನ ಟೈರ್ ಒಂದು ಸುತ್ತಿಗೆ ಎರಡು ಮೀಟರಿಗೆ ಸ್ವಲ್ಪ ಕಮ್ಮಿ ದೂರ ಹೋಗುತ್ತದೆ. ಅಂದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು ಸಲಕ್ಕೂ ಹೆಚ್ಚು ಹೀಗೆ ಬಾಗಿ ನೆಟ್ಟಗಾಗುತ್ತಿರುತ್ತದೆ. ಗಾಳಿ ಕಮ್ಮಿ ಇದ್ದಷ್ಟೂ ಬಾಗು ಜಾಸ್ತಿ, ಬಾಗು ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ. ಆ ಬಿಸಿಗೆ ಒಳಗಿನ ರಬ್ಬರ್ ಪದರಗಳ ಹಿಡಿತ ಬಿಡುತ್ತದೆ. ಹೊರಗೆ ಮೊದಲೇ ಕಾದ ರಸ್ತೆ, ಒಳಗೆ ನಾಲ್ಕೈದು ಜನ, ಹಿಂದೆ ಡಿಕ್ಕಿ ತುಂಬ ಸಾಮಾನು, ಇದರ ಮೇಲೆ ನಾವೇ ಬೇಕಂತ ಗಾಳಿ ಇಳಿಸಿಕೊಂಡು ಹೊರಟರೆ ಟೈರ್ ಏನು ಮಾಡೀತು?

ಗಾಳಿ ಹಿಗ್ಗುವುದು ಸುಳ್ಳಲ್ಲ. ಆದರೆ ಎಷ್ಟು ಅನ್ನುವುದನ್ನೂ ಹೇಳಬೇಕಲ್ವಾ? ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 33 ಪಿಎಸ್‌ಐ ಇರುವ ಟೈರಿನಲ್ಲಿ ಹೆಚ್ಚುವುದು ಸುಮಾರು ಒಂದೂವರೆ ಪಿಎಸ್‌ಐ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಅಳೆದರೆ 33 ಇದ್ದದ್ದು 37, 38 ಆಗಿರಬಹುದು. ಇದು ಮಾಮೂಲು. ಟೈರ್ ಮಾಡಿದವರಿಗೂ ಕಾರು ಮಾಡಿದವರಿಗೂ ಇದು ಗೊತ್ತು. ಬಿಸಿಯಾದಾಗ ಏರುವ ಆ ನಾಲ್ಕೈದು ಪಿಎಸ್‌ಐ ಸೇರಿಸಿಯೇ ಅವರು ತಣ್ಣಗಿರುವಾಗ ಇಷ್ಟಿರಲಿ ಅಂತ ಹೇಳಿರುತ್ತಾರೆ. ಅವರು ಲೆಕ್ಕ ಹಾಕಿದ ಮೇಲೆ ನಾವು ಇನ್ನೊಂದು ಸಲ ಅದೇ ಲೆಕ್ಕ ಕಳೆಯುವುದು ಯಾಕೆ?

ಹಾಗಾದರೆ ಸರಿಯಾದ ಅಂಕಿ ಯಾವುದು? ನಿಮ್ಮ ಕಾರಿನ ಚಾಲಕನ ಬಾಗಿಲು ತೆಗೆಯಿರಿ. ಬಾಗಿಲು ಮುಚ್ಚಿದಾಗ ಮರೆಯಾಗುವ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಹಾಕುವ ಮುಚ್ಚಳದ ಒಳಗಡೆ ಇರುತ್ತದೆ. ಎರಡೂ ಕಡೆ ಸಿಗದಿದ್ದರೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಇಬ್ಬರೋ ಮೂವರೋ ಕೂತಾಗ ಎಷ್ಟು, ತುಂಬಿದ ಗಾಡಿಗೆ ಎಷ್ಟು, ಎಲ್ಲ ಅಲ್ಲಿದೆ. ವರ್ಷಗಟ್ಟಲೆ ಆ ಬಾಗಿಲು ತೆಗೆದು ಹಾಕಿ ಮಾಡಿದವರು ಕೂಡ ಅದನ್ನು ನೋಡಿರುವುದಿಲ್ಲ. ನಾನೂ ಮೊದಲ ಕಾರು ಕೊಂಡು ಎರಡು ವರ್ಷ ನೋಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಾಳಿ ಹಾಕುವವರು "ಎಷ್ಟು ಹಾಕ್ಲಿ ಸಾರ್?" ಅಂದರೆ "ಎಲ್ಲರಿಗೂ ಎಷ್ಟು ಹಾಕ್ತೀರೋ ಅಷ್ಟೇ" ಅನ್ನುತ್ತಿದ್ದೆ. ಅವರು ಎಲ್ಲ ಗಾಡಿಗೂ 35 ಹಾಕುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ.

ಇನ್ನು ಕೆಲವರು ಅಂಕಿ ಹುಡುಕಿಕೊಂಡು ಟೈರಿನ ಮೈ ಮೇಲೆ ಓದುತ್ತಾರೆ. ಅಲ್ಲಿ 44 ಅಂತಲೋ 51 ಅಂತಲೋ ಇರುತ್ತದೆ. ಅದು ಆ ಟೈರಿಗೆ ಹಾಕಬಹುದಾದ ಅತಿ ಹೆಚ್ಚಿನ ಗಾಳಿ. ನಿಮ್ಮ ಕಾರಿಗೆ ಬೇಕಾದ ಗಾಳಿ ಅಲ್ಲ. ಟೈರ್ ಕಂಪನಿಗೆ ತನ್ನ ಟೈರ್ ಯಾವ ಕಾರಿಗೆ ಹೋಗುತ್ತದೆ ಅಂತಲೇ ಗೊತ್ತಿರುವುದಿಲ್ಲ, ಒಂದೇ ಅಳತೆಯ ಟೈರ್ ಹಗುರ ಕಾರಿಗೂ ಬೀಳುತ್ತದೆ, ಅದಕ್ಕಿಂತ ಎರಡು ಕ್ವಿಂಟಾಲ್ ಭಾರದ ಇನ್ನೊಂದು ಕಾರಿಗೂ ಬೀಳುತ್ತದೆ. ನನ್ನ ಪರಿಚಯದವರೊಬ್ಬರು ಹೀಗೇ ಓದಿ 44 ಹಾಕಿಸಿಕೊಂಡು, ಸ್ಟೀರಿಂಗ್ ಬೆಣ್ಣೆ ಹಾಗಿದೆ, ಮೈಲೇಜ್ ಸಿಗುತ್ತಿದೆ ಅಂತ ಕೊಚ್ಚಿಕೊಳ್ಳುತ್ತಿದ್ದರು. ಒಂದು ವರ್ಷಕ್ಕೆ ಟೈರಿನ ನಡುಭಾಗ ಬೋಳಾಗಿ, ಎರಡೂ ಅಂಚಿನಲ್ಲಿ ಬಟನ್ (ಟೈರಿನ ಮೇಲಿನ ರಬ್ಬರ್ ಉಬ್ಬುಗಳು) ಹೊಸದರ ಹಾಗೇ ಉಳಿದಿತ್ತು. ಗಾಳಿ ಕಮ್ಮಿ ಇದ್ದರೆ ಇದರ ಉಲ್ಟಾ, ಅಂಚುಗಳು ಸವೆದು ನಡುಭಾಗ ಉಳಿಯುತ್ತದೆ. ಒಂದೇ ಪಕ್ಕ ಸವೆದರೆ ಅದು ಗಾಳಿಯ ವಿಷಯ ಅಲ್ಲ, ಅಲೈನ್‌ಮೆಂಟ್, ಅಂದರೆ ಚಕ್ರಗಳು ಸರಿಯಾದ ಕೋನದಲ್ಲಿ ಕೂತಿವೆಯಾ ಅಂತ, ನೋಡಿಸಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಕಾರನ್ನು ಹೊತ್ತಿರುವುದು ರಬ್ಬರ್ ಅಲ್ಲ, ಗಾಳಿ. 33 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. ಕಾರಿನ ತೂಕ 1,200 ಕಿಲೋ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ನಾಲ್ಕೂ ಟೈರ್ ಸೇರಿ ನೆಲಕ್ಕೆ ತಾಗುವ ಜಾಗ ಅಂದಾಜು 520 ಚದರ ಸೆಂಟಿಮೀಟರ್. ಒಂದು ಎ4 ಹಾಳೆ ಇದಕ್ಕಿಂತ ದೊಡ್ಡದು! ಇಡೀ ಸಂಸಾರ ಕೂರಿಸಿಕೊಂಡು ಮಳೆಯಲ್ಲಿ ಬ್ರೇಕ್ ಒತ್ತುವಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಅಷ್ಟೇ ಜಾಗ. ಗಾಳಿ ಜಾಸ್ತಿ ತುಂಬಿದರೆ ಆ ಜಾಗ ಇನ್ನೂ ಚಿಕ್ಕದಾಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ, ಪ್ರತಿ ಗುಂಡಿಯೂ ಸೊಂಟಕ್ಕೆ ಗೊತ್ತಾಗುತ್ತದೆ. ಹಾಗಂತ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿ ಆಗುತ್ತದಾ? ಆಗಲ್ಲ. ಭಾರ ಅಂಚುಗಳ ಮೇಲೆ ಬಿದ್ದು ನಡುಭಾಗ ಒಳಗೆ ಹೋಗುತ್ತದೆ, ನೀರು ನಿಂತ ರಸ್ತೆಯಲ್ಲಿ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, ತಿರುವಿನಲ್ಲಿ ಗಾಡಿ ಹೊಯ್ದಾಡಿದ ಹಾಗೆ ಆಗುತ್ತದೆ.

ಈ ಲೆಕ್ಕದಿಂದಲೇ ತುಂಬಿದ ಗಾಡಿಗೆ ಯಾಕೆ ಬೇರೆ ಅಂಕಿ ಅನ್ನುವುದೂ ತಿಳಿಯುತ್ತದೆ. ಭಾರ ಜಾಸ್ತಿಯಾದರೆ ಅದನ್ನು ಹೊರಲು ಗಾಳಿಯೂ ಜಾಸ್ತಿ ಬೇಕು. ಹಿಂದಿನ ಸೀಟಿನಲ್ಲಿ ಮೂರು ಜನ ಕೂತು ಡಿಕ್ಕಿ ತುಂಬಿದಾಗ ಹೆಚ್ಚಿನ ಭಾರ ಬೀಳುವುದು ಹಿಂದಿನ ಚಕ್ರಗಳ ಮೇಲೆ, ಅದಕ್ಕೇ ಸ್ಟಿಕ್ಕರಿನಲ್ಲಿ ಆ ಸಾಲಿನ ಹಿಂದಿನ ಅಂಕಿ ಜಾಸ್ತಿ ಇರುತ್ತದೆ. ದಿನವೂ ಒಬ್ಬರೇ ಓಡಾಡುವ ಕಾರಿಗೆ ಅಷ್ಟು ಬೇಕಿಲ್ಲ. ಊರಿಗೆ ಹೊರಡುವ ಹಿಂದಿನ ದಿನ ಹಾಕಿಸಿಕೊಂಡು, ವಾಪಸ್ ಬಂದ ಮೇಲೆ ಇಳಿಸಿದರೆ ಆಯಿತು. ಬ್ಯಾಟರಿ ಕಾರುಗಳು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ. ಅವುಗಳ ಸ್ಟಿಕ್ಕರಿನಲ್ಲಿ 36, 38, ಇನ್ನೂ ಮೇಲೆ ಇದ್ದರೆ ಗಾಬರಿಯಾಗಿ ಇಳಿಸಬೇಡಿ.

ಸ್ಟಿಕ್ಕರಿನ ಅಂಕಿ ತಣ್ಣನೆಯ ಟೈರಿನದ್ದು ಅಂದೆನಲ್ಲ, ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಒಮ್ಮೆ ದೂರದ ಪ್ರಯಾಣದ ನಡುವೆ ಮಧ್ಯಾಹ್ನ ಗಾಳಿ ಚೆಕ್ ಮಾಡಿಸಿದೆ. 38 ತೋರಿಸಿತು. ಸ್ಟಿಕ್ಕರಿನಲ್ಲಿ 33, ಅಷ್ಟೊತ್ತಿಗೆ ಅದನ್ನು ನೋಡುವ ಬುದ್ಧಿ ಬಂದಿತ್ತು, ಅರ್ಧ ಬುದ್ಧಿ. ನಾಲ್ಕೂ ಟೈರಿನಿಂದ ಐದೈದು ಪಾಯಿಂಟ್ ಬಿಡಿಸಿ ದೊಡ್ಡ ಕೆಲಸ ಮಾಡಿದ ಹಾಗೆ ಹೊರಟೆ. ಮರುದಿನ ಬೆಳಿಗ್ಗೆ ಅಳೆದರೆ 28. ಅಂದರೆ ಸರಿ ಇದ್ದ ಟೈರನ್ನು ನಾನೇ ಕೈಯಾರೆ ಕೆಡಿಸಿ, ತುಂಬಿದ ಗಾಡಿಯನ್ನು ಅದರ ಮೇಲೆ ಇನ್ನೂರು ಕಿಲೋಮೀಟರ್ ಓಡಿಸಿದ್ದೆ. ಬಿಸಿ ಟೈರಿನಿಂದ ಯಾವತ್ತೂ ಗಾಳಿ ಬಿಡಬಾರದು. ಇದೊಂದನ್ನಾದರೂ ದಯವಿಟ್ಟು ನಿಮ್ಮ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ತಣ್ಣಗೆ ಅಂದರೆ ಗಾಡಿ ನಿಂತು ಕನಿಷ್ಠ ಮೂರು ಗಂಟೆ ಆಗಿರಬೇಕು, ಅಥವಾ ಅಷ್ಟು ಹೊತ್ತು ನಿಂತು ಹೊರಟ ಮೇಲೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಓಡಿರಬಾರದು. ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಅಳೆಯುವುದು ಒಳ್ಳೆಯದು. ಒಂದು ಪಕ್ಕಕ್ಕೆ ಮಾತ್ರ ಬಿಸಿಲು ಬಿದ್ದಿದ್ದರೆ ಆ ಪಕ್ಕದ ಎರಡು ಟೈರ್ ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸುವುದೂ ಉಂಟು. "ಬಂಕ್ ಇರುವುದೇ ಐದಾರು ಕಿಲೋಮೀಟರ್ ದೂರದಲ್ಲಿ, ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿ ಆಗಿರುತ್ತದಲ್ಲ" ಅಂತ ಕೇಳುತ್ತಾರೆ. ಅದಕ್ಕೆ ನಾನು ಮಾಡುವ ಉಪಾಯ ಇಷ್ಟು. ಗಾಳಿ ಅಳೆಯುವ ಒಂದು ಸಣ್ಣ ಗೇಜ್ ಇಟ್ಟುಕೊಂಡಿದ್ದೇನೆ. ಮನೆಯಲ್ಲೇ ಬೆಳಿಗ್ಗೆ ಅಳೆದು, ಯಾವ ಟೈರಿಗೆ ಎಷ್ಟು ಕಮ್ಮಿ ಅಂತ ಬರೆದುಕೊಳ್ಳುತ್ತೇನೆ. ಮುಂದಿನ ಎಡಕ್ಕೆ ಮೂರು, ಹಿಂದಿನ ಬಲಕ್ಕೆ ಎರಡು, ಹೀಗೆ. ಬಂಕಿನಲ್ಲಿ ಅವರ ಮೀಟರ್ 36 ತೋರಿಸಲಿ, 37 ತೋರಿಸಲಿ, ಅದರ ಮೇಲೆ ಮೂರು ಸೇರಿಸಿ ಅನ್ನುತ್ತೇನೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಮರುದಿನ ಬೆಳಿಗ್ಗೆ ಅಳೆದಾಗ ಸರಿಯಾಗಿ 33 ಇರುತ್ತದೆ.

ಗೇಜಿನ ವಿಷಯಕ್ಕೆ ಬಂದರೆ, ಎರಡು ಗೇಜ್ ಒಂದೇ ಅಂಕಿ ತೋರಿಸಿದ್ದನ್ನು ನಾನು ನೋಡಿದ್ದು ಕಮ್ಮಿ. ಎಲ್ಲೆಂದರಲ್ಲಿ ಬಿದ್ದು ಪೆಟ್ಟು ತಿಂದ ಮೀಟರುಗಳು ಎರಡು ಮೂರು ಪಿಎಸ್‌ಐ ಆಚೀಚೆ ಹೇಳುತ್ತವೆ. ನಿಮ್ಮದೇ ಒಂದಿದ್ದರೆ ಪ್ರತಿ ಸಲವೂ ಅದರಲ್ಲೇ ಅಳೆಯಬಹುದು, ಯಾವ ಟೈರ್ ನಿಧಾನಕ್ಕೆ ಗಾಳಿ ಕಳೆದುಕೊಳ್ಳುತ್ತಿದೆ ಅಂತ ಆಗ ಗೊತ್ತಾಗುತ್ತದೆ. ಸ್ಟಿಕ್ಕರಿನಲ್ಲಿ ಪಿಎಸ್‌ಐ ಇಲ್ಲದೆ ಬೇರೆ ಲೆಕ್ಕ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 2.3 ಬಾರ್ ಅಂದರೂ 230 ಕಿಲೋಪ್ಯಾಸ್ಕಲ್ ಅಂದರೂ ಹೆಚ್ಚುಕಮ್ಮಿ ಅದೇ 33.

ಕಣ್ಣಳತೆ ನಂಬಬೇಡಿ. ಹಿಂದಿನ ಕಾಲದ ಟೈರುಗಳ ಪಕ್ಕ ಗಡುಸಾಗಿತ್ತು, ಗಾಳಿ ಇಳಿದರೆ ಕಣ್ಣಿಗೆ ಕಾಣುತ್ತಿತ್ತು, ಕಾಲಲ್ಲಿ ಒದ್ದರೆ ಗೊತ್ತಾಗುತ್ತಿತ್ತು. ಈಗ ಕಾರುಗಳಿಗೆ ಬರುವುದು ರೇಡಿಯಲ್ ಟೈರ್. ಅದರ ಪಕ್ಕ ಮೆತ್ತಗೆ, ಸರಿಯಾಗಿ ಗಾಳಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. 33 ಇರುವುದಕ್ಕೂ 26 ಇರುವುದಕ್ಕೂ ನೋಡಿದರೆ ವ್ಯತ್ಯಾಸ ಹೇಳುವುದು ಕಷ್ಟ. ಆ ಉಬ್ಬು ನೋಡಿ "ಗಾಳಿ ಕಮ್ಮಿ ಇದೆ" ಅಂತ ಇನ್ನಷ್ಟು ತುಂಬಿಸುವವರೂ ಇದ್ದಾರೆ, ಏನೂ ಆಗಿಲ್ಲ ಅಂತ ಒದ್ದು ಹೊರಡುವವರೂ ಇದ್ದಾರೆ.

"ನಮ್ಮ ಕಾರಿನಲ್ಲಿ ಟೈರ್ ಗಾಳಿಗೆ ಲೈಟ್ ಬರುತ್ತದೆ, ನಮಗೇನು ಚಿಂತೆ" ಅನ್ನುವವರಿಗೆ ಒಂದು ಮಾತು. ಈ ಲೈಟ್ ಕಡ್ಡಾಯವಾದ ಕಥೆಯೇ ಗಾಳಿ ಕಮ್ಮಿಯ ಕಥೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಬಂದು ಗಾಡಿಗಳು ಮಗುಚಿ, ಬಹಳ ಜನ ಸತ್ತರು. ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡರು. ಫೋರ್ಡ್ ಹೇಳಿದ್ದ ಅಂಕಿ 26, ಟೈರ್ ಕಂಪನಿ 30 ಇರಬೇಕಿತ್ತು ಅಂದಿತು. ಟೈರೇ ಸರಿ ಇಲ್ಲ ಅಂತ ಒಬ್ಬರು, ಗಾಡಿಯೇ ಸರಿ ಇಲ್ಲ ಅಂತ ಇನ್ನೊಬ್ಬರು, ಜಗಳ ಬಹಳ ದಿನ ನಡೆಯಿತು. ಅಂದರೆ ಸ್ಟಿಕ್ಕರಿನ ಅಂಕಿಯೂ ದೇವರು ಬರೆದದ್ದಲ್ಲ, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ಜಗಳ ನಡೆದದ್ದು ಬರೀ ನಾಲ್ಕು ಪಿಎಸ್‌ಐ ಸುತ್ತ ಕೂಡ ಅನ್ನುವುದನ್ನು ನೋಡಿ, ನಿಮ್ಮ ಅಂಕಣ ಇಳಿಸಿ ಅಂದದ್ದೂ ಅಷ್ಟನ್ನೇ. ಅದೇ ವರ್ಷ ಅಲ್ಲಿ ಬಂದ ಕಾನೂನಿನಿಂದ ಕಾರುಗಳಲ್ಲಿ ಗಾಳಿ ಎಚ್ಚರಿಕೆಯ ಲೈಟ್ ಕಡ್ಡಾಯ ಆಗುವ ದಾರಿ ಆಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರಿಗೂ ಬಂತು.

ಆದರೆ ಅಮೆರಿಕದ ನಿಯಮದ ಪ್ರಕಾರ ಲೈಟ್ ಬರಲೇಬೇಕಾದದ್ದು ಗಾಳಿ ನೂರಕ್ಕೆ 25ರಷ್ಟು ಇಳಿದಾಗ. 33 ಇರಬೇಕಾದ ಕಡೆ 25ಕ್ಕೆ ಬರುವ ತನಕ ಅದು ಸುಮ್ಮನಿದ್ದರೂ ನಿಯಮದ ಪ್ರಕಾರ ಸರಿಯೇ. ಅಷ್ಟರೊಳಗೆ ಟೈರಿನ ಅಂಚು ಸವೆಯಲು ಶುರುವಾಗಿರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಟೈರಿನೊಳಗೆ ಅಳೆಯುವ ಸಾಧನವೇ ಇರುವುದಿಲ್ಲ, ಚಕ್ರಗಳು ಸುತ್ತುವ ವೇಗದ ವ್ಯತ್ಯಾಸ ನೋಡಿ ಗಾಳಿ ಕಮ್ಮಿ ಅಂತ ಊಹೆ ಮಾಡುತ್ತವೆ. ಅಂಥ ಕಾರಿನಲ್ಲಿ ಗಾಳಿ ಸರಿಮಾಡಿದ ಮೇಲೆ ಗುಂಡಿ ಒತ್ತಿ ಹೊಸದಾಗಿ ಕಲಿಸಬೇಕು. ಮೊದಲೇ ಕಮ್ಮಿ ಇದ್ದಾಗ ಒತ್ತಿಬಿಟ್ಟರೆ ಆ ಕಮ್ಮಿಯನ್ನೇ ಸರಿ ಅಂತ ಕಲಿತುಬಿಡುತ್ತದೆ.

ನೈಟ್ರೋಜನ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ಬರೀ ನೈಟ್ರೋಜನ್ ಹಾಕಿದರೆ ಒಳಗೆ ತೇವ ಇರುವುದಿಲ್ಲ, ಸೋರುವುದು ಸ್ವಲ್ಪ ನಿಧಾನ. ವಿಮಾನಕ್ಕೆ, ರೇಸ್ ಕಾರಿಗೆ ಅದು ಮುಖ್ಯ. ನಮ್ಮ ನಿಮ್ಮ ಕಾರಿಗೆ ಪುಕ್ಕಟೆ ಸಿಕ್ಕರೆ ಹಾಕಿಸಿಕೊಳ್ಳಿ, ಸಿಗದಿದ್ದರೆ ಮಾಮೂಲಿ ಗಾಳಿ ಸಾಕು, ಎರಡೂ ಬೆರೆತರೂ ಏನೂ ಆಗುವುದಿಲ್ಲ. ನನ್ನ ತಕರಾರು ಒಂದೇ. ನೈಟ್ರೋಜನ್ ಇದೆ ಅಂತ ಆರು ತಿಂಗಳು ಅಳೆಯದೇ ಇರುತ್ತಾರೆ.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು? ಏನೂ ತೂತಿಲ್ಲದ ಟೈರಿನಿಂದಲೂ ರಬ್ಬರ್ ಮೂಲಕವೇ ತಿಂಗಳಿಗೆ ಒಂದೆರಡು ಪಿಎಸ್‌ಐ ಹೋಗುತ್ತಿರುತ್ತದೆ. ಅದರ ಜೊತೆ ಚಳಿಗಾಲ ಬಂದರೆ ಇನ್ನೂ ಒಂದೆರಡು ಇಳಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ಮತ್ತೆ ದೂರ ಹೊರಡುವ ಮುಂಚೆ. ಅಳೆಯುವಾಗ ಸ್ಟೆಪ್ನಿ ಮರೆಯಬೇಡಿ. ನಾವೆಲ್ಲ ಮರೆಯುವುದು ಅದನ್ನೇ. ಡಿಕ್ಕಿಯೊಳಗೆ ಸಾಮಾನಿನ ಕೆಳಗೆ ಇರುವುದರಿಂದ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ, ನಡುರಾತ್ರಿ ಬೇಕಾದಾಗ ತೆಗೆದರೆ ಅದೇ ಚಪ್ಪಟೆ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಸಣಕಲಾಗಿ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಅದರ ಮೇಲೇ ಬರೆದಿರುತ್ತದೆ, ಗಂಟೆಗೆ 80 ಕಿಲೋಮೀಟರ್ ದಾಟಬಾರದು ಅಂತಲೂ ಇರುತ್ತದೆ. ಉಳಿದ ನಾಲ್ಕಕ್ಕೆ ಹಾಕಿದ 33ನ್ನೇ ಅದಕ್ಕೂ ಹಾಕಿಸಿದರೆ ಇದ್ದೂ ಇಲ್ಲದ ಹಾಗೆ.

ಟೈರಿನ ಅಳತೆ ಬದಲಾಯಿಸಿದವರ ಕಥೆ ಬೇರೆ. ದೊಡ್ಡ ರಿಮ್, ಅಗಲದ ಟೈರ್ ಹಾಕಿಸಿಕೊಂಡ ಮೇಲೆ ಬಾಗಿಲಿನ ಸ್ಟಿಕ್ಕರ್ ಪೂರ್ತಿ ಅನ್ವಯಿಸುವುದಿಲ್ಲ. ಟೈರಿನ ಮೇಲೆ 185/65 ಆರ್15 ಅಂತ ಅಳತೆ ಆದ ಮೇಲೆ 88 ಅಂತ ಒಂದು ಅಂಕಿ ಇರುತ್ತದೆ ನೋಡಿ, ಅದು ಆ ಟೈರ್ ಹೊರುವ ಭಾರದ ಗುರುತು. 88 ಅಂದರೆ 560 ಕಿಲೋ, 91 ಅಂದರೆ 615 ಕಿಲೋ. ಹಳೇ ಟೈರಿಗಿಂತ ಅದು ಕಮ್ಮಿ ಇರಬಾರದು. ಹೊಸ ಅಳತೆಗೆ ಎಷ್ಟು ಗಾಳಿ ಅಂತ ಟೈರ್ ಕಂಪನಿಯ ಪಟ್ಟಿ ನೋಡಿಯೇ ಕೇಳಬೇಕು. ಮರಳಿನಲ್ಲಿ ಗಾಡಿ ಓಡಿಸುವವರು ಗಾಳಿಯನ್ನು 15, 18ಕ್ಕೆ ಇಳಿಸುತ್ತಾರೆ, ಅದು ಸರಿಯೇ, ಅಲ್ಲಿ ವೇಗ ಇರುವುದಿಲ್ಲ. ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಿಕೊಳ್ಳುತ್ತಾರೆ.

ಒಂದು ಮಾತು ಮೈಲೇಜ್ ಬಗ್ಗೆ. ಗಾಳಿ ಸರಿ ಇಟ್ಟರೆ ಪೆಟ್ರೋಲ್ ಅರ್ಧಕ್ಕರ್ಧ ಉಳಿಯುತ್ತದೆ ಅನ್ನುವ ಹಾಗೆ ಬರೆಯುವವರಿದ್ದಾರೆ. ಹಾಗೇನಿಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ನಾಲ್ಕೂ ಟೈರಿನಲ್ಲಿ ಸರಾಸರಿ ಒಂದು ಪಿಎಸ್‌ಐ ಕಮ್ಮಿಯಾದರೆ ಮೈಲೇಜ್ ನೂರಕ್ಕೆ 0.2ರಷ್ಟು ಇಳಿಯುತ್ತದೆ. ಐದು ಕಮ್ಮಿಯಾದರೆ ನೂರಕ್ಕೆ ಒಂದು. ಇಷ್ಟೇ. ಗಾಳಿ ನೋಡಿಕೊಳ್ಳಬೇಕಾದದ್ದು ಬ್ರೇಕಿಗೆ, ಟೈರಿಗೆ, ಕೂತವರ ಜೀವಕ್ಕೆ. ಪೆಟ್ರೋಲ್ ಉಳಿದರೆ ಅದು ಮೇಲಿನ ಲಾಭ.

ಪತ್ರ ಉದ್ದವಾಯಿತು, ಕ್ಷಮಿಸಿ. ನಾನು ಕೇಳುವುದು ಇಷ್ಟು, ಅದೇ ಅಂಕಣದಲ್ಲಿ, ಅದೇ ಜಾಗದಲ್ಲಿ ಒಂದು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ.

ಭಾವಮೈದುನನ ಕಾರಿನ ಸಂಗತಿ ಅರ್ಧಕ್ಕೆ ಬಿಟ್ಟೆ. ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಅಳೆದೆವು. ಇರಬೇಕಾದದ್ದು 33. ಮೂರು ಟೈರಿನಲ್ಲಿ 27, 28, 27. ನಾಲ್ಕನೆಯದರಲ್ಲಿ 20. ಚಕ್ರ ತಿರುಗಿಸಿ ನೋಡಿದರೆ ಬಟನ್ ನಡುವೆ ಒಂದು ಮೊಳೆ ತಲೆ ಮಾತ್ರ ಕಾಣುವ ಹಾಗೆ ಕೂತಿತ್ತು. ಎಷ್ಟು ದಿನದಿಂದ ಇತ್ತೋ. ಮೊಳೆ ತೆಗೆಸಿ, ಪಂಕ್ಚರ್ ಹಾಕಿಸಿ, ನಾಲ್ಕಕ್ಕೂ ಗಾಳಿ ತುಂಬಿಸಿದೆವು. ಸ್ಟೆಪ್ನಿಯಲ್ಲಿ ಎಷ್ಟಿತ್ತು ಅಂತ ಅವನು ಬರೆಯಬೇಡ ಅಂದಿದ್ದಾನೆ. ನಿಮ್ಮ ಅಂಕಣದ ಆ ತುಣುಕು ಇನ್ನೂ ಅವನ ಕಾರಿನ ಡ್ಯಾಶ್‌ಬೋರ್ಡಿನ ಒಳಗೇ ಇದೆ, ತಿದ್ದುಪಡಿ ಬಂದ ದಿನ ತೆಗೆದು ಅದನ್ನು ಇಡುತ್ತಾನಂತೆ.

ಇತಿ,
ನಿಮ್ಮ ಹಳೆಯ ಓದುಗ